ಕಮಿಟ್‌ನಲ್ಲಿರುವ ಹೆಸರಿಗೂ ಖಾತೆಗೂ ಇರುವ ನಂಟು

ಪ್ರಶ್ನೆ: ಹೊಸ ಲ್ಯಾಪ್‌ಟಾಪ್‌ನಿಂದ ಗಿಟ್‌ಹಬ್‌ಗೆ ಪುಶ್ ಮಾಡಿದ ನನ್ನ ಕಮಿಟ್‌ಗಳಲ್ಲಿ ಹೆಸರು ಸರಿಯಾಗಿಯೇ ಇದೆ. ಆದರೆ ನನ್ನ ಚಿತ್ರ ಕಾಣುವುದಿಲ್ಲ, ಪ್ರೊಫೈಲ್‌ನ ಲೆಕ್ಕಕ್ಕೂ ಅವು ಸೇರುತ್ತಿಲ್ಲ. ನನ್ನದೇ ಖಾತೆಯಿಂದ ಪುಶ್ ಮಾಡಿದರೂ ಹೀಗೇಕೆ? ಬೇರೆಯವರು ನನ್ನ ಹೆಸರಿನಲ್ಲಿ ಕಮಿಟ್ ಮಾಡಬಹುದೇ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಗಿಟ್ ಎಂದರೆ ಕೋಡ್‌ನ ಬದಲಾವಣೆಗಳ ಇತಿಹಾಸವನ್ನು ಇಡುವ ತಂತ್ರಾಂಶ; ಅದರಲ್ಲಿ ದಾಖಲಾಗುವ ಒಂದೊಂದು ಬದಲಾವಣೆಯೇ ಕಮಿಟ್, ಅದನ್ನು ಗಿಟ್‌ಹಬ್‌ನಂಥ ಆನ್‌ಲೈನ್ ಸೇವೆಗೆ ಕಳುಹಿಸುವುದೇ ಪುಶ್. ಗಿಟ್‌ನಲ್ಲಿ ಪುಶ್ ಮಾಡಿದವರು ಯಾರು ಎಂಬುದು ಬೇರೆ, ಕಮಿಟ್‌ನ ಕರ್ತೃ ಯಾರು ಎಂಬುದು ಬೇರೆ. ಲಾಗಿನ್‌ನಿಂದ ತೀರ್ಮಾನವಾಗುವುದು ಆ ರೆಪಾಸಿಟರಿಗೆ (ಯೋಜನೆಯ ಕಡತಗಳ ಸಂಗ್ರಹಕ್ಕೆ) ಬರೆಯುವ ಅನುಮತಿ ನಿಮಗಿದೆಯೇ ಎಂಬುದು ಮಾತ್ರ. ಕಮಿಟ್ ಅದಕ್ಕೂ ಮೊದಲೇ, ಇಂಟರ್ನೆಟ್ ಇಲ್ಲದಿದ್ದರೂ, ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ತಯಾರಾಗಿರುತ್ತದೆ. ಆಗ ಕಾನ್ಫಿಗ್ (ಸೆಟ್ಟಿಂಗ್ಸ್) ಕಡತದಲ್ಲಿರುವ ಹೆಸರನ್ನೂ ಇಮೇಲ್ ವಿಳಾಸವನ್ನೂ ಗಿಟ್ ಯಾವ ಪರಿಶೀಲನೆಯೂ ಇಲ್ಲದೆ ಅದರೊಳಗೆ ಬರೆದುಬಿಡುತ್ತದೆ. ಕಮಿಟ್ ಯಾರದೆಂದು ಗುರುತಿಸಲು ಗಿಟ್‌ಹಬ್ ನೋಡುವುದು ಆ ಇಮೇಲನ್ನು, ಹೆಸರನ್ನಲ್ಲ.

ಆದ್ದರಿಂದ ಗಿಟ್ ಲಾಗ್ (ಕಮಿಟ್‌ಗಳ ಪಟ್ಟಿ) ತೆರೆದು, ಕರ್ತೃವಿನ ಹೆಸರಿನ ಪಕ್ಕದಲ್ಲಿರುವ ವಿಳಾಸವನ್ನು ನೋಡಿ. ಅದು ನಿಮ್ಮದೇ ಇನ್ನೊಂದು ವಿಳಾಸವಾಗಿದ್ದರೆ ಖಾತೆಗೆ ಸೇರಿಸಿ ದೃಢೀಕರಿಸಿದರೆ ಸಾಕು, ಹಳೆಯ ಕಮಿಟ್‌ಗಳೂ ನಿಮ್ಮ ಖಾತೆಗೆ ಅಂಟಿಕೊಳ್ಳುತ್ತವೆ. ಇಮೇಲ್ ಹೊಂದಿಸದೆ ಇದ್ದಾಗ ಗಿಟ್ ಕೆಲವೊಮ್ಮೆ ಬಳಕೆದಾರರ ಹೆಸರಿಗೆ ಕಂಪ್ಯೂಟರ್‌ನ ಹೆಸರನ್ನು ಜೋಡಿಸಿ ತಾನೇ ಒಂದು ವಿಳಾಸವನ್ನು ಕಟ್ಟಿಕೊಳ್ಳುತ್ತದೆ. ಅಂಥ ವಿಳಾಸಕ್ಕೆ ಪತ್ರವೇ ತಲುಪದಿರುವುದರಿಂದ ಅದನ್ನು ದೃಢೀಕರಿಸುವಂತಿಲ್ಲ. ಆಗ ಕಾನ್ಫಿಗ್ ತಿದ್ದಿ ಮುಂದುವರಿಯುವುದೇ ಒಳ್ಳೆಯದು. ಕರ್ತೃವಿನ ಸಾಲೂ ಕಮಿಟ್‌ನ ಹ್ಯಾಶ್ (ಒಳಗಿನ ವಿಷಯದಿಂದ ಲೆಕ್ಕಹಾಕುವ ಗುರುತುಸಂಖ್ಯೆ) ಲೆಕ್ಕದೊಳಗೆ ಇರುವುದರಿಂದ, ಹಳೆಯ ಒಂದು ಕಮಿಟ್‌ನ ವಿಳಾಸ ಬದಲಿಸಿದರೂ ಅದರದ್ದಷ್ಟೇ ಅಲ್ಲ, ಅದರ ಮೇಲೆ ಕಟ್ಟಿದ ಎಲ್ಲ ಕಮಿಟ್‌ಗಳ ಹ್ಯಾಶ್ ಬದಲಾಗಿ, ಜೊತೆಗೆ ಕೆಲಸ ಮಾಡುವವರ ಪ್ರತಿಗಳು ತಾಳೆಯಾಗದೆ ಹೋಗುತ್ತವೆ. ಹಂಚಿಕೊಂಡ ಯೋಜನೆಯಲ್ಲಿ ಚಿತ್ರವೊಂದು ಕಾಣಲೆಂದು ಇದಕ್ಕೆ ಕೈಹಾಕಬೇಡಿ.

ಈ ವ್ಯವಸ್ಥೆಯ ಹಿನ್ನೆಲೆ ಲಿನಕ್ಸ್ ಕಾರ್ಯಾಚರಣೆ ವ್ಯವಸ್ಥೆಯ ತಿರುಳಾದ ಕರ್ನಲ್‌ನ ಅಭಿವೃದ್ಧಿಯಲ್ಲಿದೆ. ಅಲ್ಲಿ ಬದಲಾವಣೆಗಳು ಪ್ಯಾಚ್‌ಗಳಾಗಿ (ಕೋಡ್ ತಿದ್ದುಪಡಿಯ ತುಣುಕುಗಳಾಗಿ) ಇಮೇಲ್‌ನಲ್ಲಿ ಬರುತ್ತಿದ್ದವು, ಈಗಲೂ ಬರುತ್ತವೆ. ಬರೆದವರೊಬ್ಬರು, ಪರಿಶೀಲಿಸಿ ಸೇರಿಸುವವರು ಇನ್ನೊಬ್ಬರು. ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಗಿಟ್ ರೂಪಿಸಿದಾಗ ಕರ್ತೃ ಮತ್ತು ಕಮಿಟರ್ ಎಂಬ ಎರಡು ಸಾಲುಗಳು ಕಮಿಟ್‌ನೊಳಗೆ ಬಂದದ್ದು ಇದೇ ಪದ್ಧತಿಗೆ ಅನುಗುಣವಾಗಿ. ಗಿಟ್‌ನಲ್ಲಿ ಕೇಂದ್ರ ಖಾತೆ ಎಂಬುದೇ ಇಲ್ಲ. ಖಾತೆಗಳು ಗಿಟ್‌ಹಬ್‌ನಂಥ ಸೇವೆಗಳು ಮೇಲಿಂದ ಸೇರಿಸಿದವು.

ನಿಮ್ಮ ಎರಡನೆಯ ಪ್ರಶ್ನೆ ಹೆಚ್ಚು ಗಂಭೀರವಾದದ್ದು. ಹೌದು, ಯಾರು ಬೇಕಾದರೂ ತಮ್ಮ ಕಾನ್ಫಿಗ್‌ನಲ್ಲಿ ನಿಮ್ಮ ವಿಳಾಸವನ್ನು ಬರೆದುಕೊಂಡು ಕಮಿಟ್ ಮಾಡಬಹುದು, ಮತ್ತು ಅದರ ಪಕ್ಕದಲ್ಲಿ ನಿಮ್ಮ ಚಿತ್ರವೇ ಕಾಣಿಸುತ್ತದೆ. ಇದಕ್ಕೆ ಪರಿಹಾರ, ಕಮಿಟ್ ನಿಮ್ಮದೇ ಎಂದು ನಿಮ್ಮ ಗುಟ್ಟಿನ ಕೀಲಿಯಿಂದ ಖಚಿತಪಡಿಸುವ ಡಿಜಿಟಲ್ ಸಹಿ. ಜಿಪಿಜಿ ಎಂಬ ಗೂಢಲಿಪಿ ತಂತ್ರಾಂಶದ ಕೀಲಿಯಿಂದ ಸಹಿ ಮಾಡುವುದು ತೊಡಕೆನಿಸಿದರೆ, 2021ರಲ್ಲಿ ಬಂದ ಗಿಟ್ 2.34ರಿಂದೀಚೆಗೆ ಎಸ್‌ಎಸ್‌ಎಚ್ (ಸರ್ವರ್‌ಗೆ ಸುರಕ್ಷಿತವಾಗಿ ಲಾಗಿನ್ ಆಗಲು ಬಳಸುವ) ಕೀಲಿಯಿಂದಲೂ ಸಹಿ ಮಾಡಬಹುದು. ಬಳಿಕ ಗಿಟ್‌ಹಬ್‌ನ ಸೆಟ್ಟಿಂಗ್ಸ್‌ನಲ್ಲಿ ವಿಜಿಲೆಂಟ್ ಮೋಡ್ ಆನ್ ಮಾಡಿದರೆ, ನಿಮ್ಮ ಹೆಸರಿನಲ್ಲಿದ್ದೂ ಸಹಿಯಿಲ್ಲದ ಕಮಿಟ್‌ಗಳಿಗೆ ‘ಅನ್‌ವೆರಿಫೈಡ್’ ಎಂಬ ಗುರುತು ಬೀಳುತ್ತದೆ. ನೀವೇ ಹಿಂದೆ ಸಹಿ ಹಾಕದೆ ಮಾಡಿದ ಕಮಿಟ್‌ಗಳಿಗೂ ಅದೇ ಗುರುತು ಬೀಳುವುದರಿಂದ, ಮೊದಲು ನೀವು ಬಳಸುವ ಎಲ್ಲ ಕಂಪ್ಯೂಟರ್‌ಗಳಲ್ಲೂ ಸಹಿಯ ವ್ಯವಸ್ಥೆ ಮಾಡಿಕೊಂಡು ಆಮೇಲೆ ಅದನ್ನು ಆನ್ ಮಾಡಿ.