‘ಹ್ಯಾವ್’ ಪದವನ್ನು ದಿನನಿತ್ಯದ ಮಾತಿನಲ್ಲಿ ಬಳಸುವುದು ಹೇಗೆ?

‘ಹ್ಯಾವ್’ ಅಂದರೆ ಒಬ್ಬರು ‘ಇದೆ’ ಅಂತಾರೆ, ಇನ್ನೊಬ್ಬರು ‘ಬೇಕು’ ಅಂತಾರೆ, ಮತ್ತೊಬ್ಬರು ‘ತಿನ್ನು’ ಅಂತಾರೆ, ಯಾವುದು ಸರಿ ಎಂದು ಕೇಳಿದ್ದೀರಿ. ಮೂರೂ ಸರಿ. ಕನ್ನಡದಲ್ಲಿ ಈ ಪದಕ್ಕೆ ಸಮನಾದ ಒಂದೇ ಕ್ರಿಯಾಪದ ಇಲ್ಲ, ನಿಮ್ಮ ಗೊಂದಲದ ಬೇರು ಇರುವುದು ಅಲ್ಲಿ. ನಾನು ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು, ಈಗ ಸಂಜೆ ಹೊತ್ತು ಪಿಯುಸಿ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಪಾಠ ಶುರು ಮಾಡುವುದೇ ಈ ಪದದಿಂದ.

ಮೊದಲು ನಮ್ಮ ಭಾಷೆಯನ್ನೇ ಗಮನಿಸಿ. ನನಗೆ ಇಬ್ಬರು ತಂಗಿಯರಿದ್ದಾರೆ. ನನ್ನ ಹತ್ತಿರ ನೂರು ರೂಪಾಯಿ ಇದೆ. ನಮ್ಮ ಮನೆಗೆ ಎರಡು ಬಾಗಿಲು. ನನಗೆ ತಲೆನೋವು. ಸಂಬಂಧಿಕರಿಗೆ ‘ಗೆ’, ಕೈಯಲ್ಲಿರುವ ದುಡ್ಡಿಗೆ ‘ಹತ್ತಿರ’, ಕೆಲವು ಕಡೆ ಕ್ರಿಯಾಪದವೂ ಬೇಡ. ಇಂಗ್ಲಿಷಿನವರು ಇದೆಲ್ಲಕ್ಕೂ ಒಂದೇ ಪದ ಹಾಕುತ್ತಾರೆ: ‘ಐ ಹ್ಯಾವ್ ಟೂ ಸಿಸ್ಟರ್ಸ್’, ‘ಐ ಹ್ಯಾವ್ ಎ ಹಂಡ್ರೆಡ್ ರುಪೀಸ್’, ‘ಅವರ್ ಹೌಸ್ ಹ್ಯಾಸ್ ಟೂ ಡೋರ್ಸ್’, ‘ಐ ಹ್ಯಾವ್ ಎ ಹೆಡೇಕ್’. ನಮ್ಮ ವಾಕ್ಯದಲ್ಲಿ ಕರ್ತೃ ತಂಗಿಯರು, ಅದಕ್ಕೇ ‘ಇದ್ದಾರೆ’ ಎಂಬ ಬಹುವಚನ. ‘ನಾನು’ ಚತುರ್ಥಿ ವಿಭಕ್ತಿಗೆ ಸರಿದು ‘ನನಗೆ’ ಆಗಿದ್ದೇನೆ. ಇಂಗ್ಲಿಷಿನಲ್ಲಿ ನಾನೇ ಕರ್ತೃ. ಲ್ಯಾಟಿನ್ ಭಾಷೆಯಲ್ಲೂ ‘ಮಿಹಿ ಎಸ್ಟ್ ಲಿಬರ್’, ಅಂದರೆ ‘ನನಗೆ ಪುಸ್ತಕ ಇದೆ’ ಎಂದು ನಮ್ಮ ಹಾಗೇ ಹೇಳುವ ರೂಢಿ ಇತ್ತು. ಇದನ್ನು ಓದಿದ ದಿನ ನನಗೆ ಆದ ಸಂತೋಷ ಇಷ್ಟಿಷ್ಟಲ್ಲ.

ಅವನು, ಅವಳು, ಅದು ಬಂದರೆ ‘ಹ್ಯಾಸ್’, ಹಿಂದಿನ ಕಾಲಕ್ಕೆ ‘ಹ್ಯಾಡ್’. ಆದರೆ ‘ಡಸ್’ ಬಂದ ಮೇಲೆ ಮತ್ತೆ ‘ಹ್ಯಾವ್’: ‘ಹಿ ಡಸಂಟ್ ಹ್ಯಾವ್ ಎ ಬೈಕ್’.

ನಮ್ಮವರು ಎಡವುವುದು ‘ಹ್ಯಾವಿಂಗ್’ ಹತ್ತಿರ. ‘ಐ ಆಮ್ ಹ್ಯಾವಿಂಗ್ ಟೂ ಸಿಸ್ಟರ್ಸ್’ ಎನ್ನುವುದನ್ನು ಎಷ್ಟು ಸಲ ಕೇಳಿದ್ದೇನೋ. ಇದಕ್ಕೆ ನಾನು ಮಕ್ಕಳಿಗೆ ಕೊಡುವ ಪರೀಕ್ಷೆ ಕನ್ನಡದ್ದೇ. ‘ಊಟ ಮಾಡ್ತಾ ಇದ್ದೀನಿ’ ಅನ್ನಬಹುದು ತಾನೇ? ಹಾಗಾದರೆ ‘ಐ ಆಮ್ ಹ್ಯಾವಿಂಗ್ ಲಂಚ್’ ಸರಿ. ‘ನನಗೆ ಇಬ್ಬರು ತಂಗಿಯರು ಇರ್ತಾ ಇದ್ದಾರೆ’ ಎಂದು ಯಾರೂ ಅನ್ನುವುದಿಲ್ಲ, ಹಾಗಾಗಿ ಅಲ್ಲಿ ‘ಹ್ಯಾವಿಂಗ್’ ಬೇಡ. ಒಂದು ಕಡೆಯಂತೂ ಅರ್ಥವೇ ಬೇರೆಯಾಗುತ್ತದೆ. ‘ಶಿ ಹ್ಯಾಸ್ ಎ ಬೇಬಿ’ ಅಂದರೆ ಅವಳಿಗೆ ಮಗುವಿದೆ. ‘ಶಿ ಈಸ್ ಹ್ಯಾವಿಂಗ್ ಎ ಬೇಬಿ’ ಅಂದರೆ ಅವಳು ಬಸುರಿ, ಇಲ್ಲವೇ ಅವಳಿಗೆ ಈಗ ಹೆರಿಗೆಯಾಗುತ್ತಿದೆ.

ಇನ್ನು ‘ಬೇಕು’ ಅರ್ಥ. ‘ಐ ಹ್ಯಾವ್ ಟು ಗೋ’ ಅಂದರೆ ನಾನು ಹೋಗಬೇಕು. ಮಾತಿನಲ್ಲಿ ಇದು ‘ಹ್ಯಾಫ್ ಟು’ ಎಂದೇ ಕೇಳಿಸುತ್ತದೆ, ನೀವೂ ಹಾಗೇ ಅನ್ನಿ. ಎಚ್ಚರ ಬೇಕಾದದ್ದು ‘ಹ್ಯಾಡ್ ಟು’ ವಿಷಯದಲ್ಲಿ. ಕನ್ನಡದಲ್ಲಿ ‘ಹೋಗಬೇಕಾಯಿತು’ ಬೇರೆ, ‘ಹೋಗಬೇಕಿತ್ತು’ ಬೇರೆ. ಅಮ್ಮನಿಗೆ ಹುಷಾರಿರಲಿಲ್ಲ, ಊರಿಗೆ ಹೋಗಬೇಕಾಯಿತು: ಹೋಗಿದ್ದಾಗಿದೆ. ಊರಿಗೆ ಹೋಗಬೇಕಿತ್ತು, ರಜೆ ಸಿಗಲಿಲ್ಲ: ಹೋಗಲೇ ಇಲ್ಲ. ‘ಐ ಹ್ಯಾಡ್ ಟು ಗೋ’ ಎಂಬುದು ಮೊದಲನೆಯದಕ್ಕೆ ಮಾತ್ರ. ಎರಡನೆಯದಕ್ಕೆ ‘ಐ ವಾಸ್ ಸಪೋಸ್ಡ್ ಟು ಗೋ’, ಹೋಗದಿದ್ದುದಕ್ಕೆ ಬೇಜಾರಿದ್ದರೆ ‘ಐ ಶುಡ್ ಹ್ಯಾವ್ ಗಾನ್’. ನನ್ನ ವಿದ್ಯಾರ್ಥಿಯೊಬ್ಬ ಟೆಸ್ಟ್ ತಪ್ಪಿಸಿಕೊಂಡು, ಕ್ಷಮೆ ಕೇಳುವ ಪತ್ರದಲ್ಲಿ ‘ಐ ಹ್ಯಾಡ್ ಟು ರೈಟ್ ದ ಟೆಸ್ಟ್’ ಎಂದು ಬರೆದಿದ್ದ. ಅವನ ಮನಸ್ಸಿನಲ್ಲಿದ್ದದ್ದು ‘ಬರೆಯಬೇಕಿತ್ತು’. ಓದಿದ ಮೇಷ್ಟರು, ಬರೆದವನು ಕ್ಷಮೆ ಯಾಕೆ ಕೇಳುತ್ತಿದ್ದಾನೆ ಎಂದು ಅವನನ್ನೇ ಕರೆಸಿ ವಿಚಾರಿಸಿದರು. ಹಾಗೆಯೇ ‘ಯು ಡೋಂಟ್ ಹ್ಯಾವ್ ಟು ಕಮ್’ ಅಂದರೆ ‘ಬರಬೇಕಾಗಿಲ್ಲ’, ಬಂದರೆ ಬೇಡವೆನ್ನುವುದಿಲ್ಲ. ‘ಬರಬಾರದು’ ಎನ್ನಲು ‘ಮಸ್ಟ್ ನಾಟ್’ ಬೇಕು.

‘ಐ ಹ್ಯಾವ್ ಈಟನ್’ ಎಂಬಂಥ ವಾಕ್ಯಗಳಿಗೆ ಹೆದರಬೇಡಿ. ‘ತಿಂದಿದ್ದೇನೆ’ ಎಂಬುದನ್ನು ಬಿಡಿಸಿ ನೋಡಿ: ತಿಂದು, ಇದ್ದೇನೆ. ‘ನನಗೆ ತಂಗಿ ಇದ್ದಾಳೆ’ ಎನ್ನುವಾಗ ಬಂದ ‘ಇರು’ ಇಲ್ಲೂ ಇದೆ. ಇಂಗ್ಲಿಷು ಎರಡು ಕಡೆಯೂ ‘ಹ್ಯಾವ್’ ಹಾಕಿದರೆ ನಾವು ಎರಡು ಕಡೆಯೂ ‘ಇರು’ ಹಾಕುತ್ತೇವೆ. ಇಲ್ಲಿ ಎರಡು ತೊಡಕುಗಳಿವೆ. ನಾವು ‘ನಿನ್ನೆಯೇ ದುಡ್ಡು ಕಳಿಸಿದ್ದೇನೆ’ ಅನ್ನುತ್ತೇವೆ, ಇಂಗ್ಲಿಷಿನಲ್ಲಿ ‘ಯೆಸ್ಟರ್ಡೇ’ ಬಂದರೆ ‘ಹ್ಯಾವ್’ ಬರಬಾರದು, ‘ಐ ಸೆಂಟ್ ಇಟ್ ಯೆಸ್ಟರ್ಡೇ’ ಸಾಕು. ಇನ್ನೊಂದು, ‘ನಾನು ಮೈಸೂರಿಗೆ ಹೋಗಿದ್ದೇನೆ’ ಎಂದು ಹುಬ್ಬಳ್ಳಿಯಲ್ಲಿ ಕೂತು ಹೇಳುವಾಗ ‘ಐ ಹ್ಯಾವ್ ಬೀನ್ ಟು ಮೈಸೂರು’ ಅನ್ನಬೇಕು. ‘ಗಾನ್’ ಎಂದರೆ ಹೋದವರು ಇನ್ನೂ ಬಂದಿಲ್ಲವೆಂದು ಅರ್ಥ: ‘ಅಪ್ಪ ಹ್ಯಾಸ್ ಗಾನ್ ಟು ಮೈಸೂರು’.

ನನಗೆ ಬಹಳ ಇಷ್ಟವಾದ ಬಳಕೆ ಇನ್ನೊಂದಿದೆ. ನಾವು ‘ಮಾಡು’ ಎಂಬುದಕ್ಕೆ ‘ಇಸು’ ಸೇರಿಸಿ ‘ಮಾಡಿಸು’ ಮಾಡಿಕೊಳ್ಳುತ್ತೇವೆ. ಇಂಗ್ಲಿಷಿನಲ್ಲಿ ಆ ‘ಇಸು’ವಿನ ಕೆಲಸವನ್ನೂ ‘ಹ್ಯಾವ್’ ಮಾಡುತ್ತದೆ. ಬೈಕ್ ಸರ್ವಿಸ್ ಮಾಡಿಸಿದೆ: ‘ಐ ಹ್ಯಾಡ್ ಮೈ ಬೈಕ್ ಸರ್ವಿಸ್ಡ್’. ಕಟಿಂಗ್ ಮಾಡಿಸಿಕೊಂಡೆ: ‘ಐ ಹ್ಯಾಡ್ ಮೈ ಹೇರ್ ಕಟ್’. ‘ಐ ಕಟ್ ಮೈ ಹೇರ್’ ಅಂದರೆ ನೀವೇ ಕತ್ತರಿ ಹಿಡಿದಿರಿ ಎಂದು ತಿಳಿದುಕೊಳ್ಳುವವರೂ ಇರುತ್ತಾರೆ.

ಕೊನೆಗೆ ತಿನ್ನುವ, ಕುಡಿಯುವ ‘ಹ್ಯಾವ್’. ಮನೆಗೆ ಬಂದವರಿಗೆ ‘ಕಾಫಿ ತಗೊಳ್ಳಿ’ ಅನ್ನುತ್ತೀರಲ್ಲ, ಆ ‘ತಗೊಳ್ಳಿ’ಯೇ ‘ಹ್ಯಾವ್ ಸಮ್ ಕಾಫಿ’. ‘ಊಟ ಆಯ್ತಾ?’ ಎಂದು ಕೇಳಲು ‘ಹ್ಯಾವ್ ಯು ಹ್ಯಾಡ್ ಲಂಚ್?’. ಇಲ್ಲಿ ಮೊದಲ ‘ಹ್ಯಾವ್’ ನಮ್ಮ ‘ಇರು’, ಆಮೇಲಿನ ‘ಹ್ಯಾಡ್’ ಊಟ. ನಾಳೆ ಯಾರಾದರೂ ಹಾಗೆ ಕೇಳಿದರೆ ‘ಯೆಸ್, ಐ ಹ್ಯಾವ್’ ಅನ್ನಿ, ಇನ್ನೂ ಆಗಿಲ್ಲದಿದ್ದರೆ ‘ನಾಟ್ ಯೆಟ್’.