ದರ ಏರಿದರೂ ಚಾಲಕನ ಕೈಗೆ ಹಣ ಸೇರುವುದಿಲ್ಲ, ಏಕೆ?

ನಿಗದಿತ ಮಾರ್ಗದಲ್ಲಿ ಓಡುತ್ತಾ ತಲೆಗಿಷ್ಟು ಎಂದು ಹಣ ಪಡೆಯುವ ಶೇರ್ ಟ್ಯಾಕ್ಸಿಗಳ ದರ ಏರಿಕೆ ಕುರಿತು ಈ ಬಾರಿ ಹಲವು ಪತ್ರಗಳು ಬಂದಿವೆ. ಪ್ರಯಾಣಿಕರೂ ಸಿಟ್ಟಿನಿಂದ ಬರೆದಿದ್ದಾರೆ, ಚಾಲಕರೂ ಸಿಟ್ಟಿನಿಂದ ಬರೆದಿದ್ದಾರೆ. ಎಲ್ಲ ಪತ್ರಗಳನ್ನೂ ಒಟ್ಟಿಗೆ ಓದಿದಾಗ ಇಬ್ಬರೂ ಒಂದೇ ತೊಂದರೆಯನ್ನು ಎರಡು ಕಡೆಯಿಂದ ನೋಡುತ್ತಿದ್ದಾರೆ ಎನಿಸಿತು. ಆಯ್ದ ಐದು ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಡೀಸೆಲ್ ಬೆಲೆ ಶೇ 20ರಷ್ಟು ಏರಿದೆ ಎಂದು ನಮ್ಮ ಮಾರ್ಗದ ಟ್ಯಾಕ್ಸಿ ಸಂಘ ಪ್ರಯಾಣ ದರವನ್ನೂ ಶೇ 20ರಷ್ಟು ಏರಿಸಿದೆ. ಇಂಧನ ಏರಿದಷ್ಟೇ ದರವೂ ಏರಬೇಕೇ? ಇದು ನ್ಯಾಯವೇ?

ಉತ್ತರ: ನ್ಯಾಯವಲ್ಲ. ಆದರೆ ಚಾಲಕರು ಸುಳ್ಳು ಹೇಳುತ್ತಿದ್ದಾರೆ ಎಂದೂ ಅಲ್ಲ. ಒಂದು ಲೆಕ್ಕ ಹಾಕಿ ನೋಡೋಣ.

ಒಂದು ಟ್ಯಾಕ್ಸಿಯ ದಿನದ ಕಲೆಕ್ಷನ್ 100 ಎಂದಿಟ್ಟುಕೊಳ್ಳಿ. ಅದರಲ್ಲಿ 50 ವಾಹನದ ಮಾಲೀಕರಿಗೆ ಕೊಡುವ ದಿನದ ಬಾಡಿಗೆ, 35 ಡೀಸೆಲ್, ಉಳಿದ 15 ಚಾಲಕನದು. ಈ ಅಂಕಿಗಳು ಲೆಕ್ಕ ಅರ್ಥವಾಗಲೆಂದು ನಾನು ಹಾಕಿಕೊಂಡವು, ನಿಮ್ಮ ಮಾರ್ಗದಲ್ಲಿ ಪಾಲು ಬೇರೆಯಾಗಿರಬಹುದು. ಈಗ ಡೀಸೆಲ್ ಶೇ 20ರಷ್ಟು ಏರಿದರೆ 35 ಇದ್ದದ್ದು 42 ಆಗುತ್ತದೆ. ಬಾಡಿಗೆ ಕಡಿಮೆಯಾಗುವುದಿಲ್ಲ. ಹೆಚ್ಚಿದ 7 ಪೂರ್ತಿ ಚಾಲಕನ ಪಾಲಿನಿಂದಲೇ ಹೋಗಬೇಕು. ನಿನ್ನೆ 15 ಮನೆಗೆ ಒಯ್ದವನು ಇಂದು 8 ಒಯ್ಯುತ್ತಾನೆ. ಇಂಧನ ಏರಿದ್ದು ಐದನೇ ಒಂದು ಭಾಗ, ಆದರೆ ಚಾಲಕನ ದುಡಿಮೆ ಅರ್ಧಕ್ಕೆ ಹತ್ತಿರ ಇಳಿಯಿತು. ಸ್ಟ್ಯಾಂಡಿನಲ್ಲಿ ಕೂಗಾಟ ಏಕೆ ಅಷ್ಟು ಜೋರಾಗಿರುತ್ತದೆ ಎಂಬುದಕ್ಕೆ ಈ ಇಳಿಕೆಯೇ ಕಾರಣ.

ಹಾಗಿದ್ದರೂ ಆ ಕೊರತೆ ತುಂಬಲು ದರ ಶೇ 20 ಏರಬೇಕಿಲ್ಲ. ಬೇಕಾಗಿರುವುದು 7. ದರ ಏರಿದಾಗ ಕೆಲವು ಪ್ರಯಾಣಿಕರು ಬಿಟ್ಟುಹೋಗುತ್ತಾರೆ. ಎರಡು ನಿಲ್ದಾಣದ ದೂರದವರು ನಡೆದೇ ಹೋಗುತ್ತಾರೆ. ನೂರಕ್ಕೆ ಇಬ್ಬರು ಹಾಗೆ ಬಿಟ್ಟುಹೋದರೆ ಶೇ 9ರಷ್ಟು ಏರಿಸಬೇಕಾಗುತ್ತದೆ. ಅದಕ್ಕಿಂತ ಮೇಲೆ ಕೇಳುವುದಾದರೆ ಟೈರ್, ವಿಮೆ, ದುರಸ್ತಿ, ಚಾಲಕನ ಜೀವನವೆಚ್ಚ ಎಂದು ಬೇರೆ ಬೇರೆ ಕಾರಣಗಳನ್ನು ಹೆಸರಿಸಿ ಕೇಳಬೇಕು. ಅವೂ ನಿಜವಾದ ಖರ್ಚುಗಳೇ. ನಿಮ್ಮ ಸಂಘದವರನ್ನು ಕೇಳಬೇಕಾದ ಪ್ರಶ್ನೆ ಇದು: ನೂರರಲ್ಲಿ ಡೀಸೆಲ್ ಪಾಲು ಎಷ್ಟು? ಅದನ್ನು ಹೇಳದೆ ಶೇಕಡಾವಾರು ಲೆಕ್ಕ ಒಪ್ಪಿಸುವವರ ಮಾತಿಗೆ ತಲೆಯಾಡಿಸಬೇಡಿ.

ದರವನ್ನು ವರ್ಷಗಟ್ಟಲೆ ತಡೆಹಿಡಿಯುವುದರಿಂದಲೂ ಪ್ರಯಾಣಿಕರಿಗೆ ಒಳ್ಳೆಯದಾಗುವುದಿಲ್ಲ. ಜಮೈಕಾದಲ್ಲಿ ರೂಟ್ ಟ್ಯಾಕ್ಸಿಗಳ ದರ 2013ರ ನಂತರ ಏರಿದ್ದು 2021ರಲ್ಲಿ, ಶೇ 15ರಷ್ಟು. 2023ರ ಅಕ್ಟೋಬರ್‌ನಲ್ಲಿ ಮತ್ತೆ ಶೇ 19 ಏರಿತು. 2024ರ ಏಪ್ರಿಲ್‌ಗೆ ಎಂದು ಹೇಳಿದ್ದ ಇನ್ನೊಂದು ಏರಿಕೆಯನ್ನು ಮುಂದೂಡಲಾಯಿತು. ಎಂಟು ವರ್ಷ ಕಾಗದದ ಮೇಲೆ ದರ ನಿಂತಿದ್ದರೂ ಖರ್ಚು ನಿಲ್ಲುವುದಿಲ್ಲ. ಆ ಕೊರತೆ ಹಿಂದಿನ ಸೀಟಿನಲ್ಲಿ ಒತ್ತಿ ಕೂರಿಸಿದ ಹೆಚ್ಚುವರಿ ಪ್ರಯಾಣಿಕನ ರೂಪದಲ್ಲಿ, ಬದಲಾಯಿಸದ ಟೈರಿನ ರೂಪದಲ್ಲಿ ಬರುತ್ತದೆ. ವರ್ಷಕ್ಕೊಮ್ಮೆ ಲೆಕ್ಕ ನೋಡಿ ಸ್ವಲ್ಪ ಸ್ವಲ್ಪ ಏರಿಸುವುದೇ ವಾಸಿ ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ: ನಾನು ಹದಿನೈದು ವರ್ಷದಿಂದ ಬಾಡಿಗೆ ಗಾಡಿ ಓಡಿಸುತ್ತಿರುವ ಚಾಲಕ. ದರ ಏರಿದಾಗಲೆಲ್ಲ ಪ್ರಯಾಣಿಕರಿಂದ ಬೈಗುಳ ತಿನ್ನುವವನು ನಾನು. ಮೂರು ತಿಂಗಳು ಕಳೆಯುವಷ್ಟರಲ್ಲಿ ನನ್ನ ಸಂಪಾದನೆ ಮೊದಲಿನಷ್ಟೇ ಆಗಿರುತ್ತದೆ. ಆ ಹಣ ಎಲ್ಲಿ ಹೋಗುತ್ತದೆ ಸರ್?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಈ ಅಂಕಣದಲ್ಲಿ ನಾನು ಹೇಳಬೇಕೆಂದುಕೊಂಡ ಮುಖ್ಯ ವಿಷಯ ನಿಮ್ಮ ಪ್ರಶ್ನೆಯಲ್ಲೇ ಇದೆ.

ಹಿಂದೆ ಒಮ್ಮೆ ಚಾಲಕರೊಬ್ಬರ ಪಕ್ಕದ ಸೀಟಿನಲ್ಲಿ ಬೆಳಗಿನ ಮೊದಲ ಟ್ರಿಪ್‌ನಿಂದ ರಾತ್ರಿಯ ಕೊನೆಯ ಟ್ರಿಪ್‌ವರೆಗೆ ಕುಳಿತು ಲೆಕ್ಕ ಬರೆದುಕೊಂಡಿದ್ದೆ. ಅವರು ನೋಟುಗಳನ್ನು ಮೂರು ಕಡೆ ಇಡುತ್ತಿದ್ದರು. ಸ್ಟಿಯರಿಂಗ್ ಪಕ್ಕದ ಡಬ್ಬಿಯಲ್ಲಿ ಚಿಲ್ಲರೆ, ಬಿಸಿಲು ತಡೆಯುವ ಫಲಕದ ಹಿಂದೆ ಡೀಸೆಲ್ ಹಣ, ಅಂಗಿಯ ಒಳಜೇಬಿನಲ್ಲಿ ಮಾಲೀಕರ ಬಾಡಿಗೆ. ಒಳಜೇಬು ತುಂಬಿದ್ದು ಮಧ್ಯಾಹ್ನ ಮೂರೂವರೆಗೆ. ಅಲ್ಲಿಯವರೆಗೆ ಅವರು ಊಟಕ್ಕೂ ಇಳಿಯಲಿಲ್ಲ. 'ಇನ್ನು ಮೇಲಿನದು ನನ್ನದು' ಎಂದರು. ಆಗ ಉಳಿದದ್ದು ಸಂಜೆಯ ಐದಾರು ಟ್ರಿಪ್ ಮಾತ್ರ.

ಫಿಲಿಪ್ಪೀನ್ಸ್‌ನ ಮನಿಲಾ ನಗರದಲ್ಲಿ ಓಡುವ 'ಜೀಪ್ನಿ' ಎಂಬ ಶೇರ್ ವಾಹನಗಳ ಚಾಲಕರು ಈ ದಿನದ ಬಾಡಿಗೆಗೆ 'ಬೌಂಡರಿ' ಎನ್ನುತ್ತಾರೆ. ಆ ಗೆರೆ ದಾಟಿದ ಮೇಲಷ್ಟೇ ದುಡಿಮೆ ಸ್ವಂತದ್ದು. ದರ ಏರಿದ ಮೊದಲ ವಾರಗಳಲ್ಲಿ ನೀವು ಆ ಗೆರೆಯನ್ನು ಬೇಗ ದಾಟುತ್ತೀರಿ. ಇದು ಮಾಲೀಕರಿಗೂ ಕಾಣುತ್ತದೆ. ಮೇಲಿನ ಲೆಕ್ಕವನ್ನೇ ತೆಗೆದುಕೊಳ್ಳಿ. ದರ ಶೇ 20 ಏರಿ, ನೂರಕ್ಕೆ ಐವರು ಬಿಟ್ಟುಹೋದರೆ ಕಲೆಕ್ಷನ್ 114. ಅದರಲ್ಲಿ 50 ಬಾಡಿಗೆ, 42 ಡೀಸೆಲ್ ಕಳೆದರೆ ನಿಮಗೆ 22 ಉಳಿಯುತ್ತದೆ. ಮಾಲೀಕರು ಬಾಡಿಗೆಯನ್ನು 50ರಿಂದ 57ಕ್ಕೆ ಏರಿಸಿದರೆ ಮತ್ತೆ 15. ಪ್ರಯಾಣಿಕರು ಐದನೇ ಒಂದು ಭಾಗ ಹೆಚ್ಚು ಕೊಟ್ಟರೂ ನಿಮ್ಮ ಮನೆಗೆ ಒಂದು ಕಾಸೂ ಹೆಚ್ಚಾಗಿ ಹೋಗಲಿಲ್ಲ. ಮಾಲೀಕರೆಲ್ಲ ದುರಾಸೆಯವರು ಎಂದು ನಾನು ಹೇಳುತ್ತಿಲ್ಲ. ವಾಹನದ ಸಾಲದ ಕಂತು, ವಿಮೆ, ದೊಡ್ಡ ದುರಸ್ತಿ ಬಹುತೇಕ ಅವರ ತಲೆಯ ಮೇಲೇ ಇರುತ್ತವೆ. ಆದರೆ ದರ ಎಷ್ಟಿರಬೇಕೆಂದು ತಿಂಗಳುಗಟ್ಟಲೆ ಚರ್ಚಿಸುವ ಸಭೆಗಳಲ್ಲಿ ದಿನದ ಬಾಡಿಗೆಯ ಮಾತೇ ಬರುವುದಿಲ್ಲ. ದರ ಸಾರ್ವಜನಿಕ ವಿಷಯ, ಬಾಡಿಗೆ ಖಾಸಗಿ ವಿಷಯ ಎಂದು ಬಿಟ್ಟಿರುವವರೆಗೆ ಚಾಲಕನ ಹೆಸರಿನಲ್ಲಿ ಕೇಳಿದ ಏರಿಕೆ ಚಾಲಕನಿಗೆ ಸಿಗುವುದಿಲ್ಲ. ನಿಮ್ಮ ಸಂಘದ ಮುಂದಿನ ಬೇಡಿಕೆಯಲ್ಲಿ ಹೊಸ ದರದ ಜೊತೆಗೆ 'ಇಂತಿಷ್ಟು ತಿಂಗಳು ಬಾಡಿಗೆ ಏರಿಸುವಂತಿಲ್ಲ' ಎಂಬ ಸಾಲೂ ಬರಹದಲ್ಲಿ ಇರಲಿ.

ಹಣ ಸೋರುವ ಇನ್ನೊಂದು ದಾರಿ ಸ್ಟ್ಯಾಂಡಿನ ಸಾಲು. ಪರವಾನಗಿಗೆ ಮಿತಿ ಇಲ್ಲದ ಮಾರ್ಗದಲ್ಲಿ ದರ ಏರಿದರೆ ಹೊಸ ಗಾಡಿಗಳು ಬರುತ್ತವೆ. ಪ್ರಯಾಣಿಕರು ಅಷ್ಟೇ, ಗಾಡಿಗಳು ಹೆಚ್ಚು. ಹತ್ತು ಟ್ರಿಪ್ ಹೊಡೆಯುತ್ತಿದ್ದವರಿಗೆ ಎಂಟು ಸಿಗುತ್ತದೆ. ದಕ್ಷಿಣ ಆಫ್ರಿಕಾದಲ್ಲಿ 1980ರ ದಶಕದ ಕೊನೆಗೆ ಮಿನಿಬಸ್ ಟ್ಯಾಕ್ಸಿಗಳ ಮೇಲಿನ ನಿರ್ಬಂಧ ಸಡಿಲವಾದಾಗ ಗಾಡಿಗಳು ಮಿತಿಮೀರಿ ಹೆಚ್ಚಿದವು, ಮಾರ್ಗಗಳಿಗಾಗಿ ಸಂಘಗಳ ನಡುವೆ ರಕ್ತ ಹರಿಯುವ ಮಟ್ಟಕ್ಕೆ ಜಗಳ ಹೋಯಿತು. ನಿಮ್ಮ ಮಾರ್ಗದಲ್ಲಿ ಈ ಮೂರು ತಿಂಗಳಲ್ಲಿ ಎಷ್ಟು ಹೊಸ ಗಾಡಿ ಸೇರಿವೆ ಎಂದು ಎಣಿಸಿ ನೋಡಿ. ಉತ್ತರದ ಅರ್ಧ ಅಲ್ಲಿಯೇ ಸಿಗಬಹುದು.

ಪ್ರಶ್ನೆ: ಇಂಧನ ಬೆಲೆ ಏರಿದಾಗ ದರ ಮರುದಿನವೇ ಏರುತ್ತದೆ. ಇಳಿದಾಗ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ಇಳಿಸಿದ ಉದಾಹರಣೆ ಜಗತ್ತಿನಲ್ಲಿ ಎಲ್ಲಾದರೂ ಇದೆಯೇ?

ಉತ್ತರ: ಇದೆ. ಫಿಲಿಪ್ಪೀನ್ಸ್‌ನಲ್ಲಿ 2018ರ ನವೆಂಬರ್‌ನಲ್ಲಿ ಜೀಪ್ನಿಯ ಕನಿಷ್ಠ ದರವನ್ನು 10 ಪೆಸೊಗೆ ಏರಿಸಿದರು. ತೈಲ ಬೆಲೆ ಕುಸಿದದ್ದರಿಂದ ಡಿಸೆಂಬರ್‌ನಲ್ಲೇ ಅದನ್ನು 9 ಪೆಸೊಗೆ ಇಳಿಸಿದರು. ಅಲ್ಲಿ ದರ ನಿಗದಿಗೆ ಒಂದು ಮಂಡಳಿ ಇದೆ, ಅರ್ಜಿ ವಿಚಾರಣೆಯಾಗುತ್ತದೆ. ಹಾಗಾಗಿ ಅದು ಸಾಧ್ಯವಾಯಿತು.

ಸಾಮಾನ್ಯವಾಗಿ ದರ ಇಳಿಯದಿರಲು ಕಾರಣ ಸರಳ. ಏರಿಸಿ ಎಂದು ಕೇಳಲು ಸಂಘ ಇರುತ್ತದೆ, ಇಳಿಸಿ ಎಂದು ಕೇಳಲು ಯಾರೂ ಇರುವುದಿಲ್ಲ. ಪ್ರಯಾಣಿಕ ಬೆಳಿಗ್ಗೆ ಹತ್ತಿ ಇಳಿದು ಕೆಲಸಕ್ಕೆ ಹೋಗುವವನು, ಅವನಿಗೆ ಸಂಘವಿಲ್ಲ. ಏರಿಕೆಯ ಆದೇಶದಲ್ಲೇ 'ಇಂಧನ ಬೆಲೆ ಇಂತಿಷ್ಟಕ್ಕಿಂತ ಕೆಳಗೆ ಬಂದರೆ ದರವನ್ನು ಮರುಪರಿಶೀಲಿಸಬೇಕು' ಎಂದು ಬರೆಸಿಕೊಳ್ಳದೆ ಹೋದರೆ ನಂತರ ಕೇಳಿ ಪ್ರಯೋಜನವಿಲ್ಲ.

ಚಿಲ್ಲರೆಯ ಸಮಸ್ಯೆಯೂ ಇದೆ, ಇದನ್ನು ಹಗುರವಾಗಿ ಕಾಣಬೇಡಿ. ಶೇರ್ ಟ್ಯಾಕ್ಸಿಯ ದರ ಕೈಯಲ್ಲಿರುವ ನಾಣ್ಯಕ್ಕೆ ಹೊಂದಬೇಕು. ಕೀನ್ಯಾದ ನೈರೋಬಿಯಲ್ಲಿ ಓಡುವ ಶೇರ್ ವಾಹನ 'ಮಟಾಟು'ಗೆ ಆ ಹೆಸರು ಬಂದದ್ದೇ 'ಮೂರು' ಎಂಬ ಸ್ವಾಹಿಲಿ ಪದದಿಂದ. ಆರಂಭದಲ್ಲಿ ಪ್ರಯಾಣಕ್ಕೆ ಹತ್ತು ಸೆಂಟಿನ ಮೂರು ನಾಣ್ಯ ಕೊಡುತ್ತಿದ್ದರು. 1914ರ ಸುಮಾರಿಗೆ ಅಮೆರಿಕದ ನಗರಗಳಲ್ಲಿ ಹುಟ್ಟಿಕೊಂಡ ಶೇರ್ ಟ್ಯಾಕ್ಸಿಗೆ ಬಂದ 'ಜಿಟ್ನಿ' ಎಂಬ ಹೆಸರು ಕೂಡ ಐದು ಸೆಂಟಿನ ನಾಣ್ಯದ ಆಡುಮಾತಿನ ಹೆಸರು. ದಕ್ಷಿಣ ಆಫ್ರಿಕಾದಲ್ಲಿ ಹಿಂದಿನ ಸಾಲಿನವರು ಹಣವನ್ನು ಕೈಯಿಂದ ಕೈಗೆ ಮುಂದೆ ದಾಟಿಸುತ್ತಾರೆ, ಚಾಲಕನ ಪಕ್ಕ ಕುಳಿತ ಪ್ರಯಾಣಿಕನೇ ಅದನ್ನೆಲ್ಲ ಎಣಿಸಿ ಚಿಲ್ಲರೆ ಹಂಚುತ್ತಾನೆ. ಓಡುವ ಗಾಡಿಯಲ್ಲಿ ಆತ ಹದಿನೈದು ಜನರ ಲೆಕ್ಕ ಬಿಡಿಸಬೇಕೆಂದರೆ ದರ ದುಂಡಗಿನ ಸಂಖ್ಯೆಯಾಗಿರಲೇಬೇಕು. ಆದರೆ ದುಂಡಗೆ ಮಾಡುವಾಗ ಪ್ರತಿ ಸಲವೂ ಮೇಲಕ್ಕೇ ಎತ್ತುತ್ತಾ ಹೋದರೆ ಅದೂ ಒಂದು ಏರಿಕೆಯೇ. ಕಡಿಮೆ ದೂರದವರಿಗೆ ಅದರ ಹೊರೆ ಹೆಚ್ಚು.

ಪ್ರಶ್ನೆ: ಮೇಡಂ ಒಬ್ಬರ ಮನೆಯಲ್ಲಿ ಕೆಲಸ ಮುಗಿಸಿ ಸಂಜೆ ಹೊರಡುತ್ತೇನೆ. ದರ ಪಟ್ಟಿಯಲ್ಲಿ ಬದಲಾವಣೆಯಿಲ್ಲ. ಆದರೆ ಟ್ಯಾಕ್ಸಿ ಅರ್ಧದಾರಿಯಲ್ಲೇ ಎಲ್ಲರನ್ನೂ ಇಳಿಸಿ ಹಿಂತಿರುಗುತ್ತದೆ. ಮುಂದಕ್ಕೆ ಇನ್ನೊಂದು ಟ್ಯಾಕ್ಸಿ ಹತ್ತಿ ಮತ್ತೆ ಹಣ ಕೊಡಬೇಕು. ಮಳೆ ಬಂದರೆ ಅದಕ್ಕೂ ಹೆಚ್ಚು ಕೇಳುತ್ತಾರೆ. ಇದನ್ನು ದರ ಏರಿಕೆ ಎನ್ನಬಹುದೇ?

ಉತ್ತರ: ಖಂಡಿತ ಎನ್ನಬಹುದು. ಇದು ಯಾವ ಆದೇಶದಲ್ಲೂ ಕಾಣದ ಏರಿಕೆಯಾದ್ದರಿಂದ ಇನ್ನೂ ಕೆಟ್ಟದ್ದು. ನಿಮ್ಮ ಖರ್ಚು ಒಂದೂವರೆ ಪಟ್ಟೋ ಎರಡು ಪಟ್ಟೋ ಆಗಿದ್ದರೂ ಸರ್ಕಾರಿ ದಾಖಲೆಯಲ್ಲಿ ದರ ಏರಿಲ್ಲ ಎಂದೇ ಇರುತ್ತದೆ. ಮನಿಲಾದಲ್ಲಿ ಇದನ್ನು 'ಕಟಿಂಗ್ ಟ್ರಿಪ್' ಎಂದು ಕರೆಯುತ್ತಾರೆ, ಅಲ್ಲಿ ಅದು ದಂಡ ಹಾಕಬಹುದಾದ ತಪ್ಪು. ಸಂಜೆ ಒಂದೇ ದಿಕ್ಕಿಗೆ ಜನ ಹೆಚ್ಚು, ಮಾರ್ಗದ ಕೊನೆಯ ಭಾಗದಲ್ಲಿ ಸೀಟುಗಳು ಖಾಲಿ. ಆದ್ದರಿಂದ ಚಾಲಕ ಜನ ತುಂಬಿರುವ ತುಂಡಿನಲ್ಲೇ ಸುತ್ತುತ್ತಾನೆ. ಅವನ ಲೆಕ್ಕ ನನಗೆ ಅರ್ಥವಾಗುತ್ತದೆ. ಆದರೆ ಪರವಾನಗಿ ಕೊಟ್ಟಿರುವುದು ಪೂರ್ತಿ ಮಾರ್ಗಕ್ಕೆ. ದಿನವಿಡೀ ದುಡಿದು ಬಂದ ನಿಮ್ಮನ್ನು ಕತ್ತಲಲ್ಲಿ ಅರ್ಧದಾರಿಯಲ್ಲಿ ಇಳಿಸುವ ಹಕ್ಕು ಆತನಿಗಿಲ್ಲ.

ದೂರು ಕೊಡುವಾಗ 'ದರ ಹೆಚ್ಚು ಕೇಳಿದರು' ಎಂದು ಬರೆಯಬೇಡಿ, ಪಟ್ಟಿ ತೋರಿಸಿ ನಿಮ್ಮ ಬಾಯಿ ಮುಚ್ಚಿಸುತ್ತಾರೆ. 'ಪರವಾನಗಿಯ ಮಾರ್ಗ ಪೂರ್ತಿ ಓಡಿಸಲಿಲ್ಲ' ಎಂದು ಬರೆಯಿರಿ. ವಾಹನದ ಸಂಖ್ಯೆ, ಇಳಿಸಿದ ಜಾಗ, ಸಮಯ ಇವು ಮೂರು ಸಾಕು. ಒಂದೇ ವಾರದಲ್ಲಿ ನಾಲ್ಕೈದು ಜನ ಹೀಗೆ ಬರೆದರೆ ಅದಕ್ಕೆ ತೂಕ ಬರುತ್ತದೆ.

ಮಳೆಯ ದರದ ಬಗ್ಗೆ: ಹಾಂಗ್‌ಕಾಂಗ್‌ನಲ್ಲಿ ಎರಡು ಬಗೆಯ ಮಿನಿಬಸ್‌ಗಳಿವೆ. ಹಸಿರು ಬಣ್ಣದವುಗಳ ಮಾರ್ಗ ಮತ್ತು ದರ ಸರ್ಕಾರದ ನಿಯಂತ್ರಣದಲ್ಲಿವೆ, ಕೆಂಪು ಬಣ್ಣದವು ದರವನ್ನು ತಾವೇ ನಿರ್ಧರಿಸಬಹುದು. ಬಣ್ಣ ನೋಡಿದ ಕೂಡಲೇ ಯಾವುದಕ್ಕೆ ಹತ್ತುತ್ತಿದ್ದೇನೆ ಎಂದು ಪ್ರಯಾಣಿಕನಿಗೆ ತಿಳಿಯುತ್ತದೆ. ಹತ್ತುವ ಮೊದಲೇ ಗೊತ್ತಿದ್ದರೆ ಬೇಡ ಎನ್ನುವ ಅವಕಾಶವಾದರೂ ಇರುತ್ತದೆ. ಹತ್ತಿ ಕುಳಿತು ಗಾಡಿ ಹೊರಟ ಮೇಲೆ ಮಳೆಯ ನೆಪದಲ್ಲಿ ಹೆಚ್ಚು ಕೇಳುವುದನ್ನು ನಾನು ಯಾವ ಕಾರಣಕ್ಕೂ ಒಪ್ಪುವುದಿಲ್ಲ.

ಪ್ರಶ್ನೆ: 'ಇಂದಿನಿಂದ ಹೊಸ ದರ' ಎಂದು ಚಾಲಕರು ಬಾಯಿಮಾತಿನಲ್ಲಿ ಹೇಳುತ್ತಾರೆ. ಕೊಡದಿದ್ದರೆ ಇಳಿಯಿರಿ ಎನ್ನುತ್ತಾರೆ. ಕೊಡಲೇಬೇಕೇ? ನನ್ನ ಮಗಳಿಗೆ ವಿದ್ಯಾರ್ಥಿ ರಿಯಾಯಿತಿಯನ್ನೂ ನಿರಾಕರಿಸಿದರು.

ಉತ್ತರ: ದರವನ್ನು ಸರ್ಕಾರ ನಿಗದಿಪಡಿಸುವ ಕಡೆಗಳಲ್ಲಿ ಮೊದಲು ಕೇಳಬೇಕಾದ್ದು ಅಧಿಕೃತ ದರಪಟ್ಟಿಯನ್ನು. ಫಿಲಿಪ್ಪೀನ್ಸ್‌ನಲ್ಲಿ ವಾಹನದೊಳಗೆ ಹೊಸ ಪಟ್ಟಿ ಅಂಟಿಸದೆ ಹೊಸ ದರ ಪಡೆಯುವಂತಿಲ್ಲ. ಈ ನಿಯಮ ಎಲ್ಲ ಕಡೆಯೂ ಇರಬೇಕಿತ್ತು. ದರವನ್ನು ಸಂಘಗಳೇ ನಿರ್ಧರಿಸುವ ಕಡೆ ಸ್ಟ್ಯಾಂಡಿನಲ್ಲಿ ಹಾಕಿದ ಸೂಚನೆಯ ಚಿತ್ರ ತೆಗೆದುಕೊಳ್ಳಿ. ಅದರಲ್ಲಿ ಜಾರಿಯ ದಿನಾಂಕ ಇದೆಯೇ ನೋಡಿ.

ರಿಯಾಯಿತಿಯ ವಿಷಯದಲ್ಲಿ ನಿಮ್ಮ ಮಗಳ ಹಕ್ಕು ಹಕ್ಕೇ. ಆದರೂ ಚಾಲಕ ಏಕೆ ಮುಖ ತಿರುಗಿಸುತ್ತಾನೆ ಎಂಬುದು ನಿಮಗೆ ತಿಳಿದಿರಲಿ. ಫಿಲಿಪ್ಪೀನ್ಸ್‌ನಲ್ಲಿ ವಿದ್ಯಾರ್ಥಿಗಳು, ಹಿರಿಯರು, ಅಂಗವಿಕಲರಿಗೆ ಶೇ 20 ರಿಯಾಯಿತಿ ಇದೆ. ಅಂಥ ಕಡೆಗಳಲ್ಲಿ ಆ ಹಣವನ್ನು ಸರ್ಕಾರ ತುಂಬಿಕೊಡದಿದ್ದರೆ ಅದು ಹೋಗುವುದು ಮೇಲೆ ಹೇಳಿದ ಚಾಲಕನ ಪಾಲಿನ ಆ 15ರಿಂದಲೇ. ಆ ಹೊರೆಯನ್ನು ಚಾಲಕನ ಮೇಲೆ ಬಿಟ್ಟಿರುವುದು ತಪ್ಪು. ಹಾಗೆಂದು ಹುಡುಗಿಯನ್ನು ರಸ್ತೆಯಲ್ಲಿ ಇಳಿಸುವುದು ಇನ್ನೂ ದೊಡ್ಡ ತಪ್ಪು.

ಮಗಳು ಒಬ್ಬಳೇ ಇದ್ದಾಗ, ಅದರಲ್ಲೂ ಕತ್ತಲಾದ ಮೇಲೆ, ಜಗಳಕ್ಕೆ ನಿಲ್ಲುವುದು ಬೇಡ. ಕೇಳಿದಷ್ಟು ಕೊಟ್ಟು ಇಳಿಯಲಿ. ಇಳಿದ ಮೇಲೆ ವಾಹನದ ಸಂಖ್ಯೆ, ಹತ್ತಿದ ಮತ್ತು ಇಳಿದ ಜಾಗ, ಕೊಟ್ಟ ಮೊತ್ತ, ಸಮಯ ಇಷ್ಟನ್ನು ಮೊಬೈಲ್‌ನಲ್ಲಿ ಬರೆದುಕೊಳ್ಳಲಿ. ಆಕೆಯ ಗುರುತಿನ ಚೀಟಿಯ ಪ್ರತಿಯೊಂದಿಗೆ ನೀವು ದೂರು ಬರೆದು, ಪರವಾನಗಿ ಕೊಡುವ ಕಚೇರಿಗೆ ಒಂದು, ಆ ಮಾರ್ಗದ ಚಾಲಕರ ಸಂಘಕ್ಕೆ ಒಂದು ಕಳುಹಿಸಿ.