ಪೆಟ್ರಾ ಚರ್ಚಿನ ಮೊಸಾಯಿಕ್‌ಗೆ ನೀರು ಚೆಲ್ಲಬೇಡಿ

ಸರ್, ನೀವು ಹಾಕಿದ ಜೋರ್ಡಾನ್‌ನ ಪೆಟ್ರಾದ ಬೈಜಾಂಟೈನ್ ಚರ್ಚಿನ ಫೋಟೋ ನೋಡಿದೆ. ಬಣ್ಣ ಎದ್ದು ಕಾಣಲಿ ಎಂದು ನೆಲದ ಮೊಸಾಯಿಕ್ (ಬಣ್ಣದ ಚೂರುಗಳನ್ನು ಜೋಡಿಸಿ ಮಾಡಿದ ಚಿತ್ರ) ಮೇಲೆ ಬಾಟಲಿ ನೀರು ಚೆಲ್ಲಿದ್ದಾಗಿ ಬರೆದಿದ್ದೀರಿ. ದಯವಿಟ್ಟು ಇನ್ನೊಮ್ಮೆ ಬೇಡ. ಈ ಚಾಳಿ ಕೆಲವು ಗೈಡ್‌ಗಳೇ ಕಲಿಸುವುದು, ನನಗೂ ಕಲಿಸಿದ್ದರು. ಅವರು ಹೇಳಿದರೂ ಕೇಳಬೇಡಿ.

ಆ ಚೂರುಗಳನ್ನು ಹಿಡಿದಿರುವುದು ಸುಣ್ಣದ ಗಾರೆ. ನೀರು ಇಳಿದರೆ ಒಳಗಿನ ಉಪ್ಪು ಕರಗುತ್ತದೆ. ಒಣಗುವಾಗ ಮೇಲೆ ಬಂದು ಹರಳುಗಟ್ಟಿ ಚೂರನ್ನೇ ನೂಕುತ್ತದೆ. ಹಳೇ ಮನೆ ಗೋಡೆಯ ಬುಡದಲ್ಲಿ ಉಪ್ಪೆದ್ದು ಗಾರೆ ಉದುರುತ್ತದಲ್ಲ, ಹಾಗೇ. ನಿಮ್ಮ ಮೂರನೇ ಫೋಟೋ ದೊಡ್ಡದು ಮಾಡಿ ನೋಡಿ. ಹಕ್ಕಿಯ ಕಾಲಿನ ಹತ್ತಿರ ಬಿಳಿ ಪುಡಿ ಇದೆ, ಎರಡು ಚೂರು ಆಗಲೇ ಓರೆಯಾಗಿವೆ. ಒಂದೂವರೆ ಸಾವಿರ ವರ್ಷ ಉಳಿದದ್ದು ಸರ್, ನಮ್ಮ ಒಂದು ಫೋಟೋಗೆ ಹೋಗಬಾರದು.

ಬಣ್ಣ ಬೇಕಾದರೆ ಸಿಪಿಎಲ್ ಹಾಕಿ, ಅಂದರೆ ಲೆನ್ಸ್ ಮುಂದೆ ಹಾಕಿ ತಿರುಗಿಸುವ, ಹೊಳಪು ತಗ್ಗಿಸುವ ಪೋಲರೈಸರ್ ಫಿಲ್ಟರ್. ನನಗೆ ಹೋಯಾ ಕಂಪನಿಯದು ಒಗ್ಗಿದೆ. ತೀರಾ ಅಗ್ಗದ್ದರಲ್ಲಿ ಹಳದಿ ಛಾಯೆ ಬರುತ್ತದೆ, ಮೊಸಾಯಿಕ್‌ಗೆ ಅದು ಆಗಲ್ಲ. ನೇರ ಮೇಲಿಂದ ತೆಗೆದರೆ ಸಿಪಿಎಲ್ ಹಾಕಿಯೂ ದಂಡ. ನೆಲದಿಂದ ಸುಮಾರು 35 ಡಿಗ್ರಿ ಓರೆಯಲ್ಲಿ ಹಿಡಿದು ನಿಧಾನವಾಗಿ ತಿರುಗಿಸಿ, ಹೊಳಪು ಸತ್ತು ಕೆಂಪು ಕಲ್ಲು ಎದ್ದು ಬರುತ್ತದೆ. ಒಂದೆರಡು ಸ್ಟಾಪ್ (ಒಂದು ಸ್ಟಾಪ್ ಅಂದರೆ ಅರ್ಧಕ್ಕರ್ಧ) ಬೆಳಕು ಹೋಗುತ್ತದೆ, ಮೇಲೆ ಚಾವಣಿ ಬೇರೆ ಇದೆ. ಕ್ಯಾಮೆರಾದ ಬೆಳಕಿನ ಸೂಕ್ಷ್ಮತೆ, ಅಂದರೆ ಐಎಸ್‌ಒ ಏರಿಸಿ, ಆಮೇಲೆ ತಿದ್ದಲು ಅನುಕೂಲವಾಗುವ ರಾ ಫೈಲ್‌ನಲ್ಲೇ ತೆಗೆಯಿರಿ. ದೂಳು ಕೂತಿದ್ದರೆ ಸಿಪಿಎಲ್ ಪೂರ್ತಿ ಕೆಲಸ ಮಾಡಲ್ಲ, ಅಷ್ಟಕ್ಕೆ ತೃಪ್ತಿಪಡಿ. ಟ್ರೈಪಾಡ್ ಕಾಲನ್ನಂತೂ ಹಗ್ಗದ ಆಚೆ ಊರಲೇಬೇಡಿ.

ಇನ್ನೊಂದು ಮಾತು. ನೀವು ಹಾಕಿದ್ದೆಲ್ಲ ಪ್ರಾಣಿ ಪಕ್ಷಿಗಳೇ. ದಕ್ಷಿಣದ ಪಡಸಾಲೆಯಲ್ಲಿ ಋತುಗಳು, ಸಮುದ್ರ, ಭೂಮಿ ಎಲ್ಲ ಮನುಷ್ಯರೂಪದಲ್ಲಿವೆ, ಅವನ್ನು ಬಿಟ್ಟು ಬರಬಾರದಿತ್ತು. ಚರ್ಚಿಗೆ ಬೆಂಕಿ ಬಿದ್ದಿತ್ತು, ಗೊತ್ತಲ್ವಾ? 1993ರಲ್ಲಿ ಪಕ್ಕದ ಕೋಣೆಯಲ್ಲಿ ಸುಮಾರು 140 ಪಪೈರಸ್ (ಜೊಂಡಿನಿಂದ ಮಾಡಿದ ಹಳೇ ಕಾಗದ) ಸುರುಳಿ ಸಿಕ್ಕಿದ್ದು ಕರಕಲಾಗಿಯೇ. ಗ್ರೀಕ್‌ನಲ್ಲಿ ಬರೆದ ಆಸ್ತಿ, ಮದುವೆ, ಪಾಲಿನ ಪತ್ರಗಳು, 6ನೇ ಶತಮಾನದವು. ಕಂಬಬೀದಿಯಿಂದ ಉತ್ತರಕ್ಕೆ ದಿಬ್ಬ ಹತ್ತಿದರೆ ಚರ್ಚು, ಬೆಟ್ಟದ ಮೇಲಿನ ಮೊನಾಸ್ಟರಿ ಸ್ಮಾರಕಕ್ಕೆ ಹತ್ತಿ ಸುಸ್ತಾದ ಮೇಲೆ ಯಾರಿಗೂ ಈ ಕಡೆ ಕಾಲು ಬರಲ್ಲ. ಮೊದಲು ಇಲ್ಲಿಗೆ ಬನ್ನಿ.

ಜೋರ್ಡಾನ್‌ನಲ್ಲೇ ಮದಾಬಾ ಊರಿನ ಕಡೆ ಹೋದರೆ ಉಮ್ ಅರ್-ರಸಾಸ್‌ನ ಸಂತ ಸ್ಟೀಫನ್ ಚರ್ಚು ನೋಡಿ. 8ನೇ ಶತಮಾನದ ನೆಲ, ಅಂಚಿನಲ್ಲಿ ಊರೂರಿನ ಚಿತ್ರ. ಮನುಷ್ಯರ ಮುಖವಿದ್ದ ಕಡೆ ಚೂರುಗಳು ಕಲಸಿಹೋಗಿವೆ. ಹಾಳಾಗಿದೆ ಎಂದು ಕ್ಯಾಮೆರಾ ತಿರುಗಿಸಿ ಬಿಡಬೇಡಿ. ಬೇಕೆಂದೇ ಕಿತ್ತು ಅದೇ ಜಾಗಕ್ಕೆ ಮತ್ತೆ ಜೋಡಿಸಿದ್ದಾರೆ, ಅಲ್ಲಿ ಹತ್ತಿರದ ಶಾಟ್ ತೆಗೆಯಲೇಬೇಕು. 70-200 ಜೂಮ್ ಲೆನ್ಸ್ ಒಯ್ಯಿರಿ.